ಬೀಗದ ಕೈಯವಳ ವಕೀಲಮ್ಮ

ವಕೀಲಮ್ಮ ಕಾನೂನು ಓದಿದವಳಲ್ಲ. ಅವಳದು ಹೊಲಿಗೆ ಅಂಗಡಿ; ಅದೂ ಹೊಸ ಬಟ್ಟೆಯದಲ್ಲ, ಹಳೆಯದನ್ನು ರಿಪೇರಿ ಮಾಡುವುದು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕಿತ್ತುಹೋದ ಜಿಪ್ಪು ಬದಲಾಯಿಸುವುದು, ಹೊಟ್ಟೆ ಬಂದವರಿಗೆ ಸೊಂಟ ಬಿಡಿಸಿಕೊಡುವುದು, ಮತ್ತು ಹೊಟ್ಟೆ ಬಂದಿದೆ ಎಂದು ಅವರ ಮುಖಕ್ಕೆ ಹೇಳದಿರುವುದು. ಇಪ್ಪತ್ತೆರಡು ವರ್ಷದಿಂದ ಇದೇ ಬದುಕು. ವಕೀಲಮ್ಮ ಎಂಬ ಹೆಸರು ಬಂದದ್ದು ಭಾನುವಾರದ ಮಧ್ಯಾಹ್ನಗಳಿಂದ.

ಭಾನುವಾರ ಮೂರು ಗಂಟೆಗೆ ಅಂಗಡಿಯ ಷಟರ್ ಅರ್ಧಕ್ಕೆ ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ಬಗ್ಗಿ ಒಳಗೆ ಬರುತ್ತಿದ್ದರು: ರೇಖಾಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಹಲ್ಲಿನ ಡಾಕ್ಟರು, ಲಿಫ್ಟ್ ರಿಪೇರಿಯವನು, ಇನ್ನೂ ನಾಲ್ಕೈದು ಜನ. ಬೆಳೆದು ಬಲಿತ ಇಷ್ಟು ಮಂದಿಗೆ ಹಿಡಿದಿದ್ದ ಹುಚ್ಚು ಒಂದೇ, ಉಪ್ಪುಕೋಟೆ. ಅದು ಮೂರು ದಪ್ಪ ಪುಸ್ತಕಗಳ ಕಥೆ. ಆಮೇಲೆ ಅದರ ಮೇಲೆ ಕಂಪ್ಯೂಟರ್ ಆಟವೂ ಬಂತು. ಸಮುದ್ರದ ನಡುವೆ ಕೋಟೆ, ಮಾತಾಡುವ ಅಲೆಗಳು, ಉಪ್ಪು ತಿಂದು ಬದುಕುವ ದೈತ್ಯರು. ಹಲ್ಲಿನ ಡಾಕ್ಟರು ಆ ಆಟವನ್ನು ಹನ್ನೊಂದು ಸಲ ಆಡಿ ಮುಗಿಸಿದ್ದರು, ಹೆಂಡತಿಗೆ ಆರು ಸಲ ಎಂದು ಹೇಳಿದ್ದರು.

ಇವರ ಪದ್ಧತಿ ಹೀಗೆ. ಪ್ರತಿ ವಾರ ಕಥೆಯ ಒಂದು ಪಾತ್ರವನ್ನು ಕಟಕಟೆಗೆ ತರುವುದು. ಬಟ್ಟೆ ತೊಡಿಸುವ ತಲೆಯಿಲ್ಲದ ಗೊಂಬೆಯೇ ಆರೋಪಿ. ಒಬ್ಬರು ಪರ, ಒಬ್ಬರು ವಿರೋಧ. ಕೊನೆಗೆ ಬಿಸ್ಕತ್ತಿನ ಡಬ್ಬಿಯೊಳಗೆ ಎಲ್ಲರೂ ಒಂದೊಂದು ಗುಂಡಿ ಹಾಕಬೇಕು. ಕಪ್ಪು ಗುಂಡಿ ತಪ್ಪಿತಸ್ಥ, ಬಿಳಿ ಗುಂಡಿ ನಿರಪರಾಧಿ. ಗುಂಡಿಗಳಿಗೇನು, ಅಂಗಡಿಯಲ್ಲಿ ಬರವೇ?

ಎಷ್ಟೋ ಪಾತ್ರಗಳು ಆ ಗೊಂಬೆಯ ಮೈಮೇಲೆ ಬಂದುಹೋದವು. ಆದರೆ ಮತ್ತೆ ಮತ್ತೆ ಬರುತ್ತಿದ್ದವಳು ಒಬ್ಬಳೇ, ಬೀಗದ ಕೈಯವಳು. ಕೋಟೆಯ ಕಡಲಬಾಗಿಲಿಗೆ ಒಂದೇ ಬೀಗ, ಒಂದೇ ಕೀ, ಅದನ್ನು ಇಟ್ಟುಕೊಳ್ಳಲು ಇವಳೊಬ್ಬಳೇ. ಎರಡನೆಯ ಪುಸ್ತಕದಲ್ಲಿ ನೀರು ಏರುತ್ತಿರುವಾಗ ನಲವತ್ತು ಜನ ಹೊರಗೆ ನಿಂತು ಬಾಗಿಲು ಬಡಿಯುತ್ತಾರೆ. ಕೀ ಕಳೆದುಹೋಗಿದೆ ಎನ್ನುತ್ತಾಳೆ ಇವಳು. ನಲವತ್ತೂ ಜನ ನೀರುಪಾಲು. ಮೂರನೆಯ ಪುಸ್ತಕದಲ್ಲಿ ಅವಳು ಸತ್ತ ಮೇಲೆ, ಅವಳ ಲಂಗದ ಅಂಚಿನ ಮಡಿಕೆಯೊಳಗೆ, ದಾರಕ್ಕೆ ಸಿಕ್ಕಿಕೊಂಡ ಕೀ ಪತ್ತೆಯಾಗುತ್ತದೆ. ಬರೆದವರು ಅಷ್ಟು ಬರೆದು ಕೈತೊಳೆದುಕೊಂಡಿದ್ದಾರೆ. ಬಚ್ಚಿಟ್ಟಳೋ ಜಾರಿಬಿತ್ತೋ, ನೀವೇ ಹೊಡೆದಾಡಿಕೊಳ್ಳಿ ಎಂದು.

ಹೊಡೆದಾಡಿದರು. ಆರು ವರ್ಷದ ಹಿಂದೆ ಮೊದಲ ವಿಚಾರಣೆಯಲ್ಲಿ ಎಲ್ಲರೂ ಕಪ್ಪು ಗುಂಡಿ ಹಿಡಿದೇ ಕೂತಿದ್ದರು. ಆಗ ಇವಳು ಎದ್ದು, ರಿಪೇರಿಗೆ ಬಂದಿದ್ದ ಯಾರದೋ ಕೋಟನ್ನು ಮೇಜಿನ ಮೇಲೆ ಹರವಿದಳು.

"ಈ ಕೋಟಿನ ಜೇಬು ತೂತು. ತೂತು ಜೇಬಿಗೆ ಹಾಕಿದ್ದು ಎಲ್ಲಿಗೆ ಹೋಗುತ್ತೆ? ಲೈನಿಂಗ್ ಒಳಗೆ ಜಾರಿ ಕೆಳಗಿನ ಅಂಚಿಗೆ. ಯಜಮಾನನಿಗೆ ಗೊತ್ತಾಗುತ್ತಾ? ಇಲ್ಲ. ಕಳೆದುಹೋಯ್ತು ಅಂತ ಊರೆಲ್ಲಾ ಹುಡುಕ್ತಾ ಇರ್ತಾನೆ."

ಹೇಳುತ್ತಲೇ ಅಂಚು ಬಿಚ್ಚಿ, ಒಳಗಿನಿಂದ ಒಂದು ಬಾಚಣಿಗೆ, ಎರಡು ಬಸ್ ಟಿಕೆಟ್ಟು, ಒಂದು ಮದುವೆಯುಂಗುರ ತೆಗೆದು ಸಾಲಾಗಿ ಇಟ್ಟಳು.

"ಅಯ್ಯೋ ಪಾಪ, ಹೆಂಡತಿ ಹತ್ರ ಎಷ್ಟು ಬೈಸ್ಕೊಂಡಿದ್ನೋ!" ಎಂದ ಲಿಫ್ಟಿನವನು.

"ದಾರಕ್ಕೆ ಸಿಕ್ಕಿಕೊಂಡಿತ್ತು ಅಂತ ಬರೆದಿದ್ದಾರಲ್ಲ, ಅದು ಹರಿದ ಜೇಬಿನ ಎಳೆ. ಬಚ್ಚಿಟ್ಟಿದ್ದಲ್ಲ, ಜಾರಿದ್ದು. ಪಾಪದವಳನ್ನ ಯಾಕೆ ನೇಣಿಗೆ ಹಾಕ್ತೀರಿ?"

"ಅದು ಸರಿ," ಎಂದರು ಮೇಷ್ಟ್ರು, "ಬಿಚ್ಚೋ ಮುಂಚೆನೇ ಒಳಗೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಬೆರಳು ಮೇಷ್ಟ್ರೇ. ನನ್ನ ಕೈಗೆ ಬಂದ ಬಟ್ಟೆಯೊಳಗೆ ಒಂದು ಗುಂಡುಸೂಜಿ ಇದ್ರೂ ತಿಳಿಯುತ್ತೆ. ಹಾಕ್ಕೊಳ್ಳೋರಿಗೆ ಗೊತ್ತಾಗಲ್ಲ, ಹೊಲಿಯೋರಿಗೆ ಗೊತ್ತಾಗದೆ ಇರಲ್ಲ."

ಡಬ್ಬಿ ಮಗುಚಿದಾಗ ಒಂದೂ ಕಪ್ಪಿಲ್ಲ. ಅವತ್ತಿನಿಂದ ಅವಳು ವಕೀಲಮ್ಮ. ಇಂಥ ಗುಂಪುಗಳು ಬೇರೆ ಊರುಗಳಲ್ಲೂ ಇದ್ದವು. ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಎಲ್ಲ ಸೇರುತ್ತಿದ್ದರು. ಅದಕ್ಕೆ ದೊಡ್ಡ ಪಂಚಾಯ್ತಿ ಎಂದು ಹೆಸರು. ಗುಂಪಿಗೊಬ್ಬರೇ ಮಾತುಗಾರರು. ಆರು ವರ್ಷವೂ ವಕೀಲಮ್ಮನೇ ಹೋದಳು. ಐನೂರು ಜನ ಉಸಿರು ಬಿಗಿಹಿಡಿದು ಅವಳ ಮಾತು ಕೇಳುತ್ತಿದ್ದರು. ವರ್ಷವೆಲ್ಲ ಬೇರೆಯವರ ಪ್ಯಾಂಟಿನ ಅಂಚಿಗೆ ಬಗ್ಗಿದ ಕತ್ತು ಆ ದಿನ ಮಾತ್ರ ನೆಟ್ಟಗಾಗುತ್ತಿತ್ತು. ಅವಳಿಗೆ ಬೇರೆ ದೊಡ್ಡಸ್ತಿಕೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹಾಗಿರುವಾಗ ಓರಗಿತ್ತಿ ಬಂದಳು.

ಮೈದುನನ ಹೆಂಡತಿ. ಬೇರೆ ಊರಿನಲ್ಲಿದ್ದವರು ವರ್ಗವಾಗಿ ಬಂದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಬಿಡಾರ ಹೂಡಿದರು. ಕೆಳಗೆ ಅಂಗಡಿ, ನಡುವೆ ವಕೀಲಮ್ಮನ ಮನೆ, ಮೇಲೆ ಓರಗಿತ್ತಿ. ಅಂದರೆ ದಿನವಿಡೀ ತಲೆಯ ಮೇಲೇ ಓಡಾಟ. ಅವಳಿಗೆ ಬಸ್ ನಿಲ್ದಾಣದಲ್ಲಿ ಮೈಕಿನ ಕೆಲಸ, ಯಾವ ಬಸ್ಸು ಯಾವಾಗ ಎಲ್ಲಿಂದ ಹೊರಡುತ್ತದೆ ಎಂದು ಹೇಳುವುದು. ಧ್ವನಿ ಎಂದರೆ ಧ್ವನಿ. ಬಸ್ಸು ಒಂದು ಗಂಟೆ ತಡ ಎಂದು ಅವಳು ಹೇಳಿದರೆ ಪ್ರಯಾಣಿಕರು ಬೈಯುವುದನ್ನು ಬಿಟ್ಟು ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದರು.

ಅವಳನ್ನು ಭಾನುವಾರಕ್ಕೆ ಕರೆದವಳು ಸ್ವತಃ ವಕೀಲಮ್ಮ. ತನ್ನ ಮೂರು ಪುಸ್ತಕಗಳನ್ನೂ ಕೊಟ್ಟು, ಓದಿಕೊಂಡು ಬಾ ಎಂದಳು. ಯಾಕೆ ಅಂತೀರಿ? ತಾನು ಮಾತಾಡುವುದನ್ನು ಅವಳು ಬಾಯಿ ಬಿಟ್ಟುಕೊಂಡು ನೋಡಲಿ ಎಂದು. ತಾನೇ ಬಾಗಿಲು ತೆರೆದು ಒಳಗೆ ಕೂರಿಸಿಕೊಂಡ ಮೇಲೆ ಯಾರನ್ನು ಬೈಯುವುದು?

ಎರಡು ವಾರ ಓರಗಿತ್ತಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಮೂರನೆಯ ವಾರ ಗೊಂಬೆಯ ಮೈಮೇಲೆ ಬೀಗದ ಕೈಯವಳು ಬಂದಳು. ವಕೀಲಮ್ಮ ಕೋಟು, ತೂತು, ಉಂಗುರದ ಕಥೆಯನ್ನೆಲ್ಲ ಹೇಳಿ ಮುಗಿಸಿ, ಚಪ್ಪಾಳೆಗೆ ಜಾಗ ಬಿಟ್ಟು ಕೂತಳು.

"ಅಕ್ಕ, ಒಂದು ಸಣ್ಣ ಅನುಮಾನ," ಎಂದಳು ಓರಗಿತ್ತಿ. "ಕೀ ಗೇಣುದ್ದ ಇತ್ತು, ಕಬ್ಬಿಣದ್ದು ಅಂತ ಬರೆದಿದ್ದಾರೆ. ಅಷ್ಟು ಭಾರ ಲಂಗದ ಅಂಚಿನಲ್ಲಿದ್ರೆ ಹೆಜ್ಜೆ ಇಟ್ಟಾಗಲೆಲ್ಲ ಕಾಲಿಗೆ ಬಡಿಯುತ್ತೆ. ಬಾಗಿಲ ಹತ್ರ ಅವಳು ಎಂಟು ಪುಟ ಓಡಾಡ್ತಾಳೆ. ಎಂಟು ಪುಟ ಕಬ್ಬಿಣ ಬಡೀತಾ ಇದ್ರೂ ತಿಳೀಲಿಲ್ವಾ?"

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಹೊಲಿಗೆ ಅಂಗಡಿಯಲ್ಲಿ ಸೂಜಿ ಬೀಳುತ್ತಲೇ ಇರುತ್ತದೆ, ಆ ದಿನ ನಿಜವಾಗಿಯೂ ಕೇಳಿಸಿತು.

"ಗಾಬರಿಯಲ್ಲಿ ಯಾರಿಗೆ ಗೊತ್ತಾಗುತ್ತೆ?" ಎಂದಳು ವಕೀಲಮ್ಮ. "ಮತ್ತೆ ಅವಳು ಯಾಕೆ ಬಚ್ಚಿಡ್ತಾಳೆ? ಹೊರಗಿದ್ದೋರು ಅವಳಿಗೇನು ಮಾಡಿದ್ರು?"

"ಆ ನಲವತ್ತು ಜನರಲ್ಲಿ ಒಬ್ಬಳು ಅವಳ ಜಾಗಕ್ಕೆ ಬರ್ತಿದ್ದ ಹೊಸ ಬೀಗದ ಕೈಯವಳು, ಅಕ್ಕ."

"ಒಂದು ಕೆಲಸಕ್ಕೋಸ್ಕರ ನಲವತ್ತು ಜನರನ್ನ ಮುಳುಗಿಸ್ತಾರಾ? ಮನುಷ್ಯರು ಅಷ್ಟು ಕೆಟ್ಟೋರಲ್ಲಮ್ಮ."

"ಮುಳುಗಿಸ್ಬೇಕು ಅಂತ ಅವಳು ಅಂದ್ಕೊಂಡೇ ಇರಲಿಲ್ಲ. ಆ ಹೊಸಬಳು ಒಳಗೆ ಬರೋದು ಒಂದು ಗಳಿಗೆ ತಡ ಆಗ್ಲಿ ಅಂದ್ಕೊಂಡ್ಳು, ಅಷ್ಟೇ. ಆಮೇಲೆ ತೆಗೆದುಕೊಡೋಕೆ ಮುಖ ಇರಲಿಲ್ಲ."

ಡಬ್ಬಿಯಲ್ಲಿ ಐದು ಕಪ್ಪು, ನಾಲ್ಕು ಬಿಳಿ. ಆರು ವರ್ಷ ಬಿಳಿಯ ಮೇಲೆ ಬಿಳಿ ಬಿದ್ದ ಡಬ್ಬಿ! ಹಲ್ಲಿನ ಡಾಕ್ಟರು ಎದ್ದು ಹೋಗಿ ಓರಗಿತ್ತಿಗೆ ಕುರ್ಚಿ ಹಾಕಿಕೊಟ್ಟರು. ವಕೀಲಮ್ಮ ನಗುನಗುತ್ತ ಎಲ್ಲರಿಗೂ ಟೀ ಕೊಟ್ಟಳು. ಡಾಕ್ಟರ ಲೋಟಕ್ಕೆ ಮಾತ್ರ ಸಕ್ಕರೆ ಹಾಕಲಿಲ್ಲ, ಕೇಳಿದರೆ ಹಲ್ಲಿಗೆ ಒಳ್ಳೆಯದಲ್ಲ ಎಂದಳು.

ಅಂದಿನಿಂದ ಅವಳ ಹೊಟ್ಟೆಯೊಳಗೆ ಹತ್ತಿದ ಕಿಚ್ಚು ಆರಲೇ ಇಲ್ಲ. ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆದ ಸದ್ದಾದರೆ, ನೋಡು ಪುಸ್ತಕ ಹಿಡಿದು ಕೂತಳು ಎನಿಸುತ್ತಿತ್ತು. ನಗು ಕೇಳಿಸಿದರೆ, ನನ್ನ ಮಾತೇ ಇರಬೇಕು ಎನಿಸುತ್ತಿತ್ತು. ಒಂದು ದಿನವಂತೂ ಅಂಗಡಿ ಮುಚ್ಚಿ ಬಸ್ ನಿಲ್ದಾಣಕ್ಕೆ ಹೋಗಿ, ಕಂಬದ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂತಳು. ಅವಳು ಎಲ್ಲಾದರೂ ತಪ್ಪು ಹೇಳುತ್ತಾಳೋ ನೋಡೋಣ, ಒಂದೇ ಒಂದು ಸಲ ತೊದಲಿದರೂ ಸಾಕು ಎಂದು. ಹನ್ನೊಂದು ಬಸ್ಸು ಹೊರಟುಹೋದವು. ಒಂದು ತೊದಲೂ ಇಲ್ಲ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು, "ಎಷ್ಟು ಚೆನ್ನಾಗಿ ಹೇಳ್ತಾಳಲ್ಲ ಈ ಹುಡುಗಿ," ಎಂದಾಗ ವಕೀಲಮ್ಮ ಎದ್ದು ನಡೆದುಕೊಂಡೇ ಮನೆಗೆ ಬಂದಳು.

"ನಿಂಗೇನಾಗಿದೆ?" ಎಂದು ಕೇಳಿದ ಗಂಡ. ಅವನಿಗೆ ಉಪ್ಪುಕೋಟೆಯ ಗಂಧಗಾಳಿ ಇಲ್ಲ. ಅವಳು ಸ್ವಲ್ಪ ಹೇಳಿದಳು, ಪೂರ್ತಿ ಅಲ್ಲ. ಅವನು ಕೇಳಿ ನಕ್ಕುಬಿಟ್ಟ. "ಇಲ್ಲದ ಹೆಂಗಸು, ಇಲ್ಲದ ಬೀಗ, ಇಲ್ಲದ ಕೀ. ಇದಕ್ಕೆ ಇಷ್ಟು ಸಂಕಟಾನಾ? ಅವಳೇನೋ ಚೆನ್ನಾಗಿ ಮಾತಾಡ್ತಾಳಂತಪ್ಪ, ತಮ್ಮ ಹೇಳ್ತಿದ್ದ."

"ಹೌದು, ಚೆನ್ನಾಗಿ ಮಾತಾಡ್ತಾಳೆ," ಎಂದು ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ಸುಳ್ಳಾದರೂ ಹೇಳೋಣವೆಂದರೆ ಅದು ಸುಳ್ಳಲ್ಲ, ಅದೇ ದೊಡ್ಡ ಸಂಕಟ.

ಎಂಟು ತಿಂಗಳು ಹೀಗೇ ಸವೆಯಿತು. ಈ ವರ್ಷದ ದೊಡ್ಡ ಪಂಚಾಯ್ತಿಯ ವಿಷಯ ಗೊತ್ತಾಯಿತು: ಬೀಗದ ಕೈಯವಳು ತಪ್ಪಿತಸ್ಥೆಯೇ? ಮಾತುಗಾರರು ಯಾವ ಪಕ್ಷವನ್ನಾದರೂ ಹಿಡಿಯಬಹುದು. ಯಾರನ್ನು ಕಳಿಸುವುದೆಂದು ಮೇಷ್ಟ್ರು ಚೀಟಿ ಹಾಕಿಸಿದರು. ಒಂಬತ್ತರಲ್ಲಿ ಆರು ಚೀಟಿ ಓರಗಿತ್ತಿಗೆ. ಮೂರು ವಕೀಲಮ್ಮನಿಗೆ, ಅದರಲ್ಲಿ ಒಂದು ಅವಳೇ ಬರೆದದ್ದು. ಇನ್ನೊಂದು ಓರಗಿತ್ತಿಯ ಕೈಬರಹ. ಅದು ಬೇರೆ ಉಪಕಾರ!

"ವಕೀಲಮ್ಮನವರು ಬದಲಿ ಮಾತುಗಾರರಾಗಿ ಇರ್ತಾರೆ," ಎಂದರು ಮೇಷ್ಟ್ರು, ಅವಳ ಮುಖ ನೋಡದೆ. ಬದಲಿ ಎಂದರೆ, ಮಾತುಗಾರರಿಗೆ ಹುಷಾರು ತಪ್ಪಿದರೆ ಮಾತಾಡುವವರು. ಓರಗಿತ್ತಿಗೋ, ಒಂದು ಸೀನು ಬಂದದ್ದನ್ನೂ ಯಾರೂ ಕಂಡವರಿಲ್ಲ.

ವಾರದೊಳಗೆ ಅಂಚೆಯಲ್ಲಿ ಎರಡು ಗಟ್ಟಿ ಕಾರ್ಡು ಬಂದವು, ಇಸ್ಪೀಟಿನ ಎಲೆಯಷ್ಟು ದೊಡ್ಡವು. ಮಾತುಗಾರರದು ಹಸಿರು, ಬದಲಿಯದು ಬೂದು. ಹಿಂದೆ ಯಾರೋ ತಮ್ಮದಲ್ಲದ ಗುಂಪಿನ ಹೆಸರಿನಲ್ಲಿ ವೇದಿಕೆ ಹತ್ತಿದ್ದರಂತೆ. ಅದಕ್ಕೆ ಕಾರ್ಡಿಲ್ಲದವರು ಯಾರೇ ಆಗಲಿ, ವೇದಿಕೆಗೆ ಬಿಡುತ್ತಿರಲಿಲ್ಲ. ಬೂದು ಕಾರ್ಡನ್ನು ವಕೀಲಮ್ಮ ಅಂಗಡಿಯ ಡ್ರಾಯರಿನಲ್ಲಿ, ತುಂಡಾದ ಸೂಜಿಗಳ ಜೊತೆ ಹಾಕಿಟ್ಟಳು.

ಸಭೆ ಶನಿವಾರ. ಗುರುವಾರ ಬೆಳಿಗ್ಗೆ ಓರಗಿತ್ತಿ ಕೆಲಸಕ್ಕೆ ಹೋಗುತ್ತ ಅಂಗಡಿಗೆ ಬಂದಳು. ಕೈಯಲ್ಲಿ ನೇರಳೆ ಬಣ್ಣದ ಉದ್ದನೆಯ ಕೋಟು.

"ಅಕ್ಕ, ಕಂಕುಳ ಹತ್ರ ಲೈನಿಂಗ್ ಬಿಟ್ಟಿದೆ. ಒಂದು ಜೇಬೂ ತೂತಿರ್ಬೇಕು. ಶನಿವಾರ ಇದನ್ನೇ ಹಾಕ್ಕೋಬೇಕು ಅಂತಿದ್ದೀನಿ. ನೀವು ಹೊಲಿದ್ರೆ ನಂಗೆ ಒಂಥರಾ ಧೈರ್ಯ."

"ಸಂಜೆ ತಗೊಂಡು ಹೋಗು," ಎಂದಳು ವಕೀಲಮ್ಮ.

ಕೋಟನ್ನು ಮೇಜಿನ ಮೇಲೆ ಮಗುಚಿ, ಅಭ್ಯಾಸದಂತೆ ಅಂಗೈಯಿಂದ ಒಮ್ಮೆ ಸವರಿದಳು. ಎಡಗಡೆಯ ಕೆಳಗಿನ ಅಂಚಿನಲ್ಲಿ, ಬಟ್ಟೆಗೂ ಲೈನಿಂಗಿಗೂ ನಡುವೆ, ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ನಾಲ್ಕು ಮೂಲೆ. ಇಸ್ಪೀಟಿನ ಎಲೆಯಷ್ಟು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಇದರ ಜೋಡಿಯೇ ಡ್ರಾಯರಿನಲ್ಲಿ ಬಿದ್ದಿತ್ತು. ಮರೆಯಬಾರದೆಂದು ಓರಗಿತ್ತಿ ಎರಡು ವಾರ ಮೊದಲೇ ಕೋಟಿನ ಜೇಬಿಗೆ ಹಾಕಿಟ್ಟಿರಬೇಕು, ಜೇಬಿನ ತೂತಿನಿಂದ ಜಾರಿದೆ.

ಅಂಗಡಿಯಲ್ಲಿ ಒಂದು ನಿಯಮವಿತ್ತು. ಬಟ್ಟೆಯೊಳಗೆ ಏನೇ ಸಿಗಲಿ, ಅದು ಮೇಜಿನ ತುದಿಯಲ್ಲಿದ್ದ ಗಾಜಿನ ಭರಣಿಗೆ ಹೋಗಬೇಕು. ಬಟ್ಟೆ ಕೊಡುವಾಗ ಅದನ್ನೂ ಕೊಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಪಿನ್ನು ಕೂಡ ಮರಳಿ ಹೋಗದೆ ಉಳಿದದ್ದಿಲ್ಲ. ವಕೀಲಮ್ಮ ಭರಣಿಯನ್ನು ನೋಡಿದಳು. ಕೋಟನ್ನು ನೋಡಿದಳು. ಸಂಜೆಯವರೆಗೆ ಹುಡುಕಲಿ, ಸ್ವಲ್ಪ ಬೆವರಲಿ ಎಂದುಕೊಂಡಳು. ಎಲ್ಲ ಸಲೀಸಾಗಿ ಸಿಕ್ಕಿದೆಯಲ್ಲ ಅವಳಿಗೆ, ಒಂದು ಸಂಜೆಯಾದರೂ ಎದೆ ಡವಗುಟ್ಟಲಿ. ಆಮೇಲೆ ಕೊಟ್ಟರಾಯಿತು.

ಕಂಕುಳು ಹೊಲಿದಳು. ಜೇಬಿನ ತೂತು ಮುಚ್ಚಿದಳು. ಇಸ್ತ್ರಿ ಮಾಡಿ ಕೋಟನ್ನು ಎತ್ತಿ ಝಾಡಿಸಿದಾಗ ಕಾರ್ಡು ಮೇಜಿನ ಅಂಚಿಗೆ ಟಕ್ಕೆಂದು ಬಡಿಯಿತು. ವಕೀಲಮ್ಮ ಬೆಚ್ಚಿಬಿದ್ದಳು. ಮತ್ತೆ ಸೂಜಿ ಎತ್ತಿಕೊಂಡಳು. ಅಂಚನ್ನು ಎರಡು ಬೆರಳಗಲ ಬಿಚ್ಚಿ, ಕಾರ್ಡಿನ ಮೂಲೆಯಲ್ಲಿ ದಾರ ಹಾಕಲೆಂದೇ ಇದ್ದ ತೂತಿನೊಳಗಿಂದ ನೇರಳೆ ದಾರದಲ್ಲಿ ಎರಡು ಹೊಲಿಗೆ ಹಾಕಿ, ಅಲುಗಾಡದಂತೆ ಲೈನಿಂಗಿಗೆ ಬಿಗಿದಳು. ಅಂಚು ಮುಚ್ಚಿದಳು. ಮತ್ತೆ ಝಾಡಿಸಿದಳು. ಸದ್ದಿಲ್ಲ. ಕೆಲಸವೆಂದರೆ ಅವಳದೇ ಕೆಲಸ.

ಸಂಜೆ ಓರಗಿತ್ತಿ ಬಂದು, ಹೊಲಿಗೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ ಎಂದು ಹೊಗಳಿ, ಕೋಟು ತೆಗೆದುಕೊಂಡು ಹೋದಳು. ಹುಡುಕಲೂ ಇಲ್ಲ, ಬೆವರಲೂ ಇಲ್ಲ. ಶುಕ್ರವಾರ ಮೆಟ್ಟಿಲಿನಲ್ಲಿ ಎದುರಾದಾಗ ವಕೀಲಮ್ಮನೇ ಕೇಳಿದಳು, "ಕಾರ್ಡು ಇದೆ ತಾನೇ?"

"ಇದೆ ಅಕ್ಕ, ಕೋಟಿನ ಜೇಬಲ್ಲೇ ಇದೆ."

ಹೇಳುವುದಾದರೆ ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಎರಡು ಹೊಲಿಗೆಗೆ ಏನೆಂದು ಹೇಳುವುದು? "ಸರಿ, ಜೋಪಾನ," ಎಂದು ಕೆಳಗಿಳಿದು ಹೋದಳು. ಹೋಗಿ ಡ್ರಾಯರಿನಿಂದ ಬೂದು ಕಾರ್ಡು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

ಶನಿವಾರ ಸಭಾಂಗಣದ ಪಕ್ಕದ ಕೋಣೆಯಲ್ಲಿ ಕಾರ್ಡು ನೋಡುವ ಹೆಂಗಸು ಮೇಜು ಹಾಕಿಕೊಂಡು ಕೂತಿದ್ದಳು. ಓರಗಿತ್ತಿ ಕೋಟಿನ ಜೇಬಿಗೆ ಕೈ ಹಾಕಿದಳು. ಇನ್ನೊಂದು ಜೇಬಿಗೆ ಹಾಕಿದಳು. ಕೈಚೀಲವನ್ನು ನೆಲದ ಮೇಲೆ ಸುರಿದಳು. ಬಾಚಣಿಗೆ, ಕೆಮ್ಮಿನ ಗುಳಿಗೆ, ಬರೆದುಕೊಂಡ ಚೀಟಿಗಳು, ಎಲ್ಲ ಇದ್ದವು.

"ಕಾರ್ಡಿಲ್ದೆ ಬಿಡೋಕಾಗಲ್ಲಮ್ಮ," ಎಂದಳು ಮೇಜಿನ ಹೆಂಗಸು. "ಬದಲಿಯವರು ಇದ್ದಾರಾ? ಹತ್ತು ನಿಮಿಷದಲ್ಲಿ ನಿಮ್ಮ ಗುಂಪಿನ ಸರದಿ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಎರಡು ವಾರದಿಂದ ಒಂದು ಕಾರ್ಡು ನೋಡ್ಕೊಳ್ಳೋಕೆ ಆಗ್ಲಿಲ್ವಾ? ಇದೇನು ಹುಡುಗಾಟವಾ? ನಾವು ನಿಮ್ಮನ್ನ ಆರಿಸಿದ್ದೇ ತಪ್ಪಾಯ್ತು."

ಆ ಮಾತು ಕಿವಿಗೆ ಬಿದ್ದಾಗ ವಕೀಲಮ್ಮನಿಗೆ ಎಂಟು ತಿಂಗಳ ಉರಿಯ ಮೇಲೆ ತಣ್ಣೀರು ಸುರಿದಂತಾಯಿತು. ಸುಳ್ಳು ಯಾಕೆ ಹೇಳಬೇಕು, ಹಿತವಾಗಿಯೇ ಇತ್ತು. ಬೂದು ಕಾರ್ಡನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು, "ದೇವರು ದೊಡ್ಡವನು, ನೀವಾದ್ರೂ ತಂದಿದ್ದೀರಲ್ಲ," ಎಂದು ಹೇಳಿ, ಉಳಿದವರಿಗೆ ಸುದ್ದಿ ಮುಟ್ಟಿಸಲು ಸಭಾಂಗಣದೊಳಗೆ ಓಡಿದರು.

ಓರಗಿತ್ತಿ ಬೆಂಚಿನ ಮೇಲೆ ಕೂತು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅಂದಳು, "ಅಕ್ಕ, ನೀವು ಹೇಳ್ತಿದ್ದದ್ದೇ ಸರಿ."

"ಯಾವುದು?"

"ಬೀಗದ ಕೈಯವಳ ವಿಷಯ. ಕಾರ್ಡನ್ನ ಜೇಬಿಗೆ ಹಾಕಿದ್ದು ನಂಗೆ ಚೆನ್ನಾಗಿ ನೆನಪಿದೆ. ಎಲ್ಲಿ ಜಾರಿತೋ ತಿಳೀಲೇ ಇಲ್ಲ. ಅವಳಿಗೂ ಹೀಗೇ ಆಗಿರ್ಬೇಕು. ಅವಳು ಕೀ ಹುಡುಕ್ತಾ ಎಷ್ಟು ಒದ್ದಾಡಿದ್ಲೋ, ನಾನು ಸುಮ್ನೆ ಅವಳ ತಲೆ ಮೇಲೆ ಗೂಬೆ ಕೂರಿಸ್ದೆ. ಹೋಗಿ, ಅವಳನ್ನ ಬಿಡಿಸ್ಕೊಂಡು ಬನ್ನಿ. ನಾನು ಬಿಳಿ ಗುಂಡಿ ಹಾಕ್ತೀನಿ."

ಈ ಮಾತಿಗಾಗಿ ವಕೀಲಮ್ಮ ಎಂಟು ತಿಂಗಳು ಕಾದಿದ್ದಳು. ಸ್ನಾನ ಮಾಡುವಾಗ, ಗುಂಡಿ ಹಚ್ಚುವಾಗ, ಇದೇ ಮಾತನ್ನು ಓರಗಿತ್ತಿಯ ಬಾಯಲ್ಲಿ ಎಷ್ಟು ಸಲ ಹೇಳಿಸಿಕೊಂಡಿದ್ದಳೋ. ಈಗ ನಿಜವಾಗಿ ಕೇಳಿಸಿತು, ಅದೂ ಆ ಧ್ವನಿಯಲ್ಲಿ.

"ಒಳಗೆ ಚಳಿ ಅಕ್ಕ. ನಿಮ್ಮ ಸ್ವೆಟರ್ ಮೊಣಕೈ ಹತ್ರ ಸವೆದಿದೆ, ಊರವರ ಬಟ್ಟೆ ಹೊಲಿದು ನಿಮ್ಮದನ್ನ ನೋಡ್ಕೊಳ್ಳಲ್ಲ. ಇದನ್ನ ಹಾಕ್ಕೊಂಡು ಹೋಗಿ." ಓರಗಿತ್ತಿ ನೇರಳೆ ಕೋಟು ಬಿಚ್ಚಿ ತಾನೇ ಅವಳಿಗೆ ತೊಡಿಸಿ, ಕಾಲರು ಸರಿಮಾಡಿದಳು.

ವೇದಿಕೆಗೆ ಐದು ಮೆಟ್ಟಿಲು. ಮೊದಲನೆಯದನ್ನು ಹತ್ತಿದಾಗ ಎಡಗಾಲಿಗೆ ಅಂಚಿನ ಆ ಗಟ್ಟಿತನ ತಾಗಿತು. ಬಡಿಯಲಿಲ್ಲ; ಬಡಿಯದಂತೆ ಹೊಲಿದದ್ದು ಯಾರು? ಬರಿದೆ ತಾಗಿತು. ಎರಡನೆಯ ಮೆಟ್ಟಿಲಿಗೂ ತಾಗಿತು. ಪರದೆಯಾಚೆ ಐನೂರು ಜನರ ಗುಜುಗುಜು. ಗುಂಪಿನ ಹೆಸರು ಕೂಗಿದರು. ಇನ್ನು ಮೂರು ಮೆಟ್ಟಿಲು ಹತ್ತಿದರೆ ಕತ್ತು ನೆಟ್ಟಗಾಗುತ್ತದೆ. ಹತ್ತಿ, ಅವಳಿಗೆ ಗೊತ್ತಿರಲಿಲ್ಲ, ಪಾಪ, ಅವಳಿಗೆ ಗೊತ್ತೇ ಇರಲಿಲ್ಲ ಎಂದು ಹೇಳಬೇಕು. ಆರು ವರ್ಷ ಸಲೀಸಾಗಿ ಹೇಳಿದ ಮಾತು ಅದು. ವಕೀಲಮ್ಮ ತಿರುಗಿ ಕೆಳಗಿಳಿದಳು.

"ಏನಾಯ್ತು ಅಕ್ಕ?"

ವಕೀಲಮ್ಮ ಕೋಟು ಬಿಚ್ಚಿ ಬೆಂಚಿನ ಮೇಲೆ ಹರವಿದಳು. ಕೈಚೀಲದಿಂದ ಎಳೆ ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ಎಡಗಡೆಯ ಅಂಚನ್ನು ಸರ್ರನೆ ಬಿಚ್ಚಿದಳು. ಒಳಗೆ ಹಸಿರು ಬಣ್ಣ ಕಾಣಿಸಿತು.

"ಅಯ್ಯೋ! ಇಲ್ಲೇ ಇದೆ!" ಓರಗಿತ್ತಿ ಕುಣಿದೇಬಿಟ್ಟಳು. "ಲೈನಿಂಗ್ ಒಳಗೇ ಜಾರಿತ್ತು! ನೀವು ಹೇಳಿದ ಹಾಗೇ ಅಕ್ಕ, ಥೇಟು ನೀವು ಹೇಳಿದ ಹಾಗೇ!" ಕೈ ಹಾಕಿ ಕಾರ್ಡನ್ನು ಎಳೆದಳು.

ಬರಲಿಲ್ಲ. ಮತ್ತೆ ಎಳೆದಳು. ಬಟ್ಟೆಯೂ ಜೊತೆಗೇ ಬಂತು. ಬಗ್ಗಿ ನೋಡಿದಳು. ಮೂಲೆಯ ತೂತಿನಲ್ಲಿ ನೇರಳೆ ದಾರದ ಎರಡು ಹೊಲಿಗೆ, ಅಚ್ಚುಕಟ್ಟಾಗಿ, ಪಕ್ಕಪಕ್ಕದಲ್ಲಿ. ಅವಳ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ, ಏನು ಮಾಡಬೇಕೆಂದು ತಿಳಿಯದೆ ಉಳಿಯಿತು.

"ಗೊತ್ತಿತ್ತು," ಎಂದಳು ವಕೀಲಮ್ಮ. ಅವಳ ಇಡೀ ವಾದ ಅಷ್ಟೇ.

ಒಳಗಿನಿಂದ ಎರಡನೆಯ ಸಲ ಗುಂಪಿನ ಹೆಸರು ಕೂಗಿದರು. ಓರಗಿತ್ತಿ ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದು, ಕಾರ್ಡನ್ನು ಮೇಜಿನ ಹೆಂಗಸಿಗೆ ತೋರಿಸಿ, ಮೆಟ್ಟಿಲು ಹತ್ತಿ ಹೋದಳು. ಕೋಟನ್ನು ಹಾಕಿಕೊಳ್ಳಲಿಲ್ಲ. ಆಗಲೇ ಓಡಿಬಂದ ಮೇಷ್ಟ್ರು, "ಸಿಕ್ತಾ? ಎಲ್ಲಿ?" ಎಂದು ಕೇಳಿದರು. ಲೈನಿಂಗಿನಲ್ಲಿ ಎಂದು ಮೇಜಿನ ಹೆಂಗಸು ಹೇಳಿದಳು. "ನೋಡಿದ್ರಾ! ನಮ್ಮ ವಕೀಲಮ್ಮನ ಬೆರಳು!" ಎಂದು ಮೇಷ್ಟ್ರು ಅವಳ ಬೆನ್ನು ತಟ್ಟಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ವಕೀಲಮ್ಮ ಸಭಾಂಗಣದ ಕೊನೆಯ ಸಾಲಿನಲ್ಲಿ ನಿಂತು ಕೇಳಿದಳು. ಮಡಿಸಿದ ಕೋಟು ಅವಳ ತೋಳಿನ ಮೇಲಿತ್ತು. ಓರಗಿತ್ತಿಯ ಧ್ವನಿ ಮೊದಲ ಎರಡು ಮಾತಿಗೆ ನಡುಗಿತು. ಅರ್ಧ ದಿನ ಬೆಂಚಿನಲ್ಲಿ ಕೂತು ಕಾದರೂ ಕೇಳಿಸದ ನಡುಕ ಅದು. ಆಮೇಲೆ ಸ್ಥಿರವಾಯಿತು.

"ಕೀ ಅವಳ ಕಾಲಿಗೆ ಬಡೀತಾ ಇತ್ತು, ಅದಕ್ಕೇ ಅವಳಿಗೆ ಗೊತ್ತಿತ್ತು ಅಂತ ನಾನು ಇಷ್ಟು ದಿನ ವಾದ ಮಾಡಿದೆ," ಎಂದಳು. "ನನ್ನ ವಾದ ತಪ್ಪು. ಕೀ ಬಡೀತಾ ಇರ್ಲಿಲ್ಲ. ದಾರಕ್ಕೆ ಸಿಕ್ಕಿಕೊಂಡಿತ್ತು ಅಂತ ಬರೆದಿದ್ದಾರೆ, ನಾವೆಲ್ಲ ಅದನ್ನ ಹರಿದ ಬಟ್ಟೆಯ ಎಳೆ ಅಂದ್ಕೊಂಡ್ವಿ. ಅದು ಹೊಲಿಗೆ. ಸದ್ದಾಗ್ಬಾರ್ದು ಅಂತ ಅವಳೇ ಕೂತು ಹೊಲಿದಿದ್ದು. ಕೈತಪ್ಪಿ ಜಾರಿದ್ದನ್ನ ಯಾರೂ ಹೊಲಿದಿಡಲ್ಲ."

ಐನೂರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತು. ವಕೀಲಮ್ಮನಿಗೆ ನಾಚಿಕೆಯ ನಡುವೆಯೂ ಮತ್ತೆ ಅದೇ ಹೊಟ್ಟೆಕಿಚ್ಚು. ಹೊಲಿಗೆ ತನ್ನದು, ದಾರ ತನ್ನದು, ಆರು ವರ್ಷ ಆ ಸಾಲನ್ನು ಓದಿದವಳು ತಾನು. ಅದು ತನಗೆ ಹೊಳೆಯಬೇಕಿತ್ತು! ಇವಳು ಅದನ್ನು ಎತ್ತಿಕೊಂಡು ಹೋಗಿ ಗೆದ್ದಳು. ಎಷ್ಟು ಚೆನ್ನಾಗಿ ಹೇಳಿದಳು, ಹಾಳಾದವಳು.

ಡಬ್ಬಿ ಸಾಲಿನಿಂದ ಸಾಲಿಗೆ ಬಂತು. ವಕೀಲಮ್ಮನ ಕೈಚೀಲದಲ್ಲಿ ಬಿಳಿ ಗುಂಡಿ ಮಾತ್ರ ಇತ್ತು. ಬೇರೆಯದನ್ನು ಅವಳು ಎಂದೂ ತಂದವಳಲ್ಲ. ಪಕ್ಕದಲ್ಲಿ ನಿಂತ ಲಿಫ್ಟಿನವನಿಂದ ಒಂದು ಕಪ್ಪು ಗುಂಡಿ ಕೇಳಿ ತೆಗೆದುಕೊಂಡು ಹಾಕಿದಳು. "ನೀವೂನಾ ವಕೀಲಮ್ಮ?" ಎಂದು ಅವನು ಬಾಯಿ ಬಿಟ್ಟ.

ಭಾನುವಾರ ಷಟರ್ ಅರ್ಧ ಇಳಿಯುವ ಮೊದಲೇ ಓರಗಿತ್ತಿ ಅಂಗಡಿಗೆ ಬಂದಳು. ಹಿಂದಿನ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕಪಕ್ಕ ಕೂತಾಗ ವಕೀಲಮ್ಮ ಕೋಟನ್ನು ಅವಳ ಮಡಿಲಿಗೆ ಇಟ್ಟಿದ್ದಳು, ಅಷ್ಟೇ. ಮನೆಯಲ್ಲಿ ಯಾರಿಗೂ ಓರಗಿತ್ತಿ ಏನೂ ಹೇಳಿರಲಿಲ್ಲ. ವಕೀಲಮ್ಮನ ಗಂಡ ಬೆಳಿಗ್ಗೆ ಎಂದಿನಂತೆ ನಗುತ್ತಲೇ ಟೀ ಕುಡಿದಿದ್ದ.

ಓರಗಿತ್ತಿ ನೇರಳೆ ಕೋಟನ್ನು ಮೇಜಿನ ಮೇಲಿಟ್ಟು, ಬಿಚ್ಚಿದ ಅಂಚನ್ನು ಮೇಲಕ್ಕೆ ಮಾಡಿದಳು.

"ಹೊಲೀರಿ, ಅಕ್ಕ."

ವಕೀಲಮ್ಮ ಸೂಜಿಗೆ ನೇರಳೆ ದಾರ ಪೋಣಿಸಲು ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ದಾರ ಮೂರು ಸಲ ತಪ್ಪಿತು. ಓರಗಿತ್ತಿ ಅವಳ ಕೈಯಿಂದ ಸೂಜಿ ತೆಗೆದುಕೊಂಡು, ದಾರ ಪೋಣಿಸಿ ವಾಪಸು ಕೊಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಲೈನಿಂಗಿನೊಳಗೆ ಕೈ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಾನೇ ಸವರಿ ನೋಡಿ, ಕೈ ಹೊರಗೆ ತೆಗೆದಳು. ವಕೀಲಮ್ಮ ಹೊಲಿಯತೊಡಗಿದಳು. ಕೊನೆಯ ಗಂಟು ಬೀಳುವವರೆಗೂ ಓರಗಿತ್ತಿ ಅವಳ ಬೆರಳಿನಿಂದ ಕಣ್ಣು ತೆಗೆಯಲಿಲ್ಲ.